ಡಯಟೀಷಿಯನ್ ಮೇಡಂ ಹತ್ರ ಕೇಳಿ: ವಾರಕ್ಕೆ 4 ಕೆಜಿ ಇಳಿಯುತ್ತಂತೆ, ಇಳಿಯೋದು ಏನು?

ಅಡ್ಮಿನ್: ಎಲ್ರಿಗೂ ನಮಸ್ಕಾರ. ಹೋದ ವಾರ ಯಾರೋ ಗ್ರೂಪಲ್ಲಿ 7 ದಿನದ ಜಿಎಂ ಡಯಟ್ ಚಾರ್ಟ್ ಹಾಕಿದ್ರಲ್ಲ, ಅದಾದ್ಮೇಲೆ ಇನ್‌ಬಾಕ್ಸಿಗೆ ಬಂದ ಪ್ರಶ್ನೆಗಳನ್ನ ನೋಡಿ ನಂಗೇ ಗಾಬರಿ ಆಯ್ತು. ಅದಕ್ಕೇ ನಮ್ಮ ಗ್ರೂಪಲ್ಲೇ ಇರೋ ಡಯಟೀಷಿಯನ್ ಮೇಡಂನ ಕೇಳ್ಕೊಂಡೆ, ಒಪಿಡಿ ಮುಗಿಸ್ಕೊಂಡು ಬಂದು ಇವತ್ತು ಇಲ್ಲೇ ಉತ್ತರ ಕೊಡ್ತಾರೆ. ಹೆಸರು ಬೇಡ ಅಂದವರ ಪ್ರಶ್ನೇನ ಊರಿನ ಹೆಸರಲ್ಲಿ ಹಾಕ್ತಿದೀನಿ. ಪೌಡರ್ ಮಾರೋ ಮಹಾನುಭಾವರು ದಯವಿಟ್ಟು ಇವತ್ತೊಂದಿನ ಸುಮ್ನಿರಿ.

ತುಮಕೂರು: ಮೇಡಂ ನಂಗೆ 26 ವರ್ಷ, ಹೈಟ್ 5 ಅಡಿ 2 ಇಂಚು, 68 ಕೆಜಿ ಇದ್ದೆ. ಇನ್ನೆರಡು ತಿಂಗಳಿಗೆ ಮದುವೆ ಇದೆ, ಅಷ್ಟರಲ್ಲಿ 55ಕ್ಕೆ ಬರ್ಬೇಕು ಅಂತ ಆ ಚಾರ್ಟ್ ನೋಡಿ ಜಿಎಂ ಡಯಟ್ ಮಾಡಿದೆ, ಮೊದಲನೇ ದಿನ ಬರೀ ಹಣ್ಣು, ಎರಡನೇ ದಿನ ಬರೀ ತರಕಾರಿ, ನಾಲ್ಕನೇ ದಿನ ಬಾಳೆಹಣ್ಣು ಹಾಲು ಹಂಗೆ. ಏಳು ದಿನಕ್ಕೆ 4 ಕೆಜಿ ಇಳೀತು, ತುಂಬಾ ಖುಷಿ ಆಯ್ತು, ಆದ್ರೆ ಊಟ ಶುರು ಮಾಡಿದ ಮೂರೇ ದಿನಕ್ಕೆ 3 ಕೆಜಿ ವಾಪಸ್ ಬಂತು. ಈಗ ಅದನ್ನೇ ಇನ್ನೊಂದ್ ಮೂರು ಸಲ ಮಾಡ್ಲಾ ಅಂತಿದೀನಿ. ಎದ್ದಾಗ ಸ್ವಲ್ಪ ತಲೆ ಸುತ್ತುತ್ತೆ, ಬೇರೇನೂ ತೊಂದ್ರೆ ಇಲ್ಲ.

ಮೇಡಂ: ಮೊದ್ಲು ಮದುವೆಗೆ ಶುಭಾಶಯ. ಮೂರು ದಿನಕ್ಕೆ 3 ಕೆಜಿ ವಾಪಸ್ ಬಂತು ಅಂದ್ರಲ್ಲ, ಉತ್ತರ ಅಲ್ಲೇ ಇದೆ ನೋಡಿ. ಮೂರು ದಿನಕ್ಕೆ ಯಾರಿಗೂ 3 ಕೆಜಿ ಕೊಬ್ಬು ಬೆಳೆಯಲ್ಲ. ಅಂದ್ರೆ ಹೋಗಿದ್ದೂ ಕೊಬ್ಬಲ್ಲ. ನಮ್ಮ ಲಿವರ್ ಮತ್ತೆ ಮಾಂಸಖಂಡದಲ್ಲಿ ಗ್ಲೈಕೊಜೆನ್ ಅಂತ ಸಕ್ಕರೆ ಸಂಗ್ರಹ ಇರುತ್ತೆ, ಹೆಚ್ಚು ಕಮ್ಮಿ ಅರ್ಧ ಕೆಜಿ ಅಂದ್ಕೊಳ್ಳಿ, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಕಟ್ಕೊಂಡಿರುತ್ತೆ. ಅನ್ನ ರೊಟ್ಟಿ ಬಿಟ್ಟ ಎರಡು ಮೂರು ದಿನಕ್ಕೆ ಆ ಸಂಗ್ರಹ ಖಾಲಿ ಆಗುತ್ತೆ, ನೀರು ಮೂತ್ರದಲ್ಲಿ ಹೋಗುತ್ತೆ, ಅಲ್ಲಿಗೆ ಒಂದೂವರೆ ಎರಡು ಕೆಜಿ ಇಳೀತು. ಉಪ್ಪು ಕಮ್ಮಿ ತಿಂದಿರ್ತೀರ, ಅದಕ್ಕೂ ಸ್ವಲ್ಪ ನೀರು ಹೋಗುತ್ತೆ, ಹೊಟ್ಟೆ ಕರುಳಲ್ಲಿ ಆಹಾರನೇ ಇಲ್ಲ, ಅದೊಂದಿಷ್ಟು. ಉಳಿದಿದ್ದು ಸ್ವಲ್ಪ ಕೊಬ್ಬು, ಸ್ವಲ್ಪ ಮಾಂಸಖಂಡ. ಹಣ್ಣಿನ ದಿನ ತರಕಾರಿ ದಿನ ನಿಮ್ಗೆ ಪ್ರೋಟೀನ್ ಎಲ್ಲಿಂದ ಬಂತು ಹೇಳಿ? ಹೊರಗಿಂದ ಬರದಿದ್ರೆ ದೇಹ ತನ್ನ ಖಂಡಾನೇ ಕರಗಿಸ್ಕೊಳ್ಳುತ್ತೆ. ತೂಕದ ಮೆಷಿನ್ನು ಕೆಜಿ ತೋರಿಸುತ್ತೆ, ಯಾವ ಕೆಜಿ ಅಂತ ತೋರಿಸಲ್ಲ.

ಇನ್ನು ಮೂರು ಸಲ ಮಾಡ್ಲಾ ಅಂದ್ರಿ. ಬೇಡ, ಕಾರಣ ನಿಮಗೆ ನಾಟೋ ಹಂಗೆ ಹೇಳ್ತೀನಿ. ಹಿಂಗೆ ಊಟ ಒಂದೇ ಸಲ ಕಿತ್ತುಹಾಕಿದಾಗ ಕೂದಲಿನ ಬುಡಗಳು ಬೆಳೆಯೋದು ನಿಲ್ಲಿಸಿ ಒಟ್ಟಿಗೆ ವಿಶ್ರಾಂತಿಗೆ ಹೋಗ್ತವೆ, ಆದ್ರೆ ಆ ಕೂದಲು ಆವತ್ತೇ ಉದುರಲ್ಲ, ಎರಡು ಮೂರು ತಿಂಗಳಾದ್ಮೇಲೆ ಬಾಚಿದ್ರೆ ಹಿಡಿ ಹಿಡಿ ಬರುತ್ತೆ. ನಿಮ್ ಮದುವೆ ಇನ್ನೆರಡು ತಿಂಗಳಿಗೆ. ಲೆಕ್ಕ ನೀವೇ ಹಾಕಿ. ನನ್ ಹತ್ರ ಬರೋ ಮದುಮಕ್ಕಳಲ್ಲಿ ಮದುವೆಗೆ ಮುಂಚೆ ಬರೋರಿಗಿಂತ ಮದುವೆ ಆದ್ಮೇಲೆ "ಕೂದಲು ಹೋಗ್ತಿದೆ ಮೇಡಂ, ಅತ್ತೆ ಮನೆ ನೀರು ಆಗ್ತಿಲ್ಲ" ಅಂತ ಬರೋರೇ ಜಾಸ್ತಿ. ಪಾಪ ಅತ್ತೆ ಮನೆ ನೀರಿನ ತಪ್ಪೇನೂ ಇರಲ್ಲ, ಮದುವೆಗೆ ಮುಂಚೆ ಜ್ಯೂಸ್ ಕುಡ್ಕೊಂಡಿದ್ದ ವಾರಗಳದ್ದು ಅದು.

ಪಿತ್ತಕೋಶದ ಕಲ್ಲು ಇನ್ನೊಂದು. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಸ್ಪೀಡಲ್ಲಿ ಇಳಿದ್ರೆ ಕಲ್ಲಾಗೋ ಚಾನ್ಸ್ ಏರುತ್ತೆ, ಯಾಕಂದ್ರೆ ಕೊಬ್ಬು ಕರಗುವಾಗ ಲಿವರ್ ಪಿತ್ತದೊಳಗೆ ಕೊಲೆಸ್ಟ್ರಾಲ್ ಜಾಸ್ತಿ ಬಿಡುತ್ತೆ, ಇತ್ತ ನೀವು ಎಣ್ಣೆ ತುಪ್ಪ ಏನೂ ತಿಂತಿಲ್ಲ ಅಂದ್ರೆ ಪಿತ್ತಕೋಶ ಹಿಂಡ್ಕೊಂಡು ಖಾಲಿ ಆಗೋ ಕೆಲ್ಸಾನೇ ಇಲ್ಲ, ಅಲ್ಲೇ ನಿಂತು ಗಟ್ಟಿ ಆಗುತ್ತೆ. ತಲೆ ಸುತ್ತೋದನ್ನ "ಬೇರೇನೂ ತೊಂದ್ರೆ ಇಲ್ಲ" ಅಂತ ಬರೆದಿದೀರ, ಅದೇ ತೊಂದ್ರೆ ಅಮ್ಮ. ಬಿಪಿ ಮತ್ತೆ ಹಿಮೋಗ್ಲೋಬಿನ್ ಒಂದ್ಸಲ ಚೆಕ್ ಮಾಡಿಸಿ.

ಎರಡು ತಿಂಗಳಲ್ಲಿ 13 ಕೆಜಿ ಆಗಲ್ಲ, 4 ಕೆಜಿ ಆಗುತ್ತೆ. ಬೇಜಾರಾಗ್ಬೇಡಿ, ಸರಿಯಾಗಿ ಇಳಿದ 4 ಕೆಜಿ ಸೊಂಟದ ಅಳತೇಲಿ ಗೊತ್ತಾಗುತ್ತೆ, ಬ್ಲೌಸ್ ಅಳತೇನ ಸ್ವಲ್ಪ ತಡವಾಗಿ ಕೊಡಿ ಅಷ್ಟೇ. ಹೆಂಗೆ ಅನ್ನೋದನ್ನ ಕೆಳಗೆ ಬರೀತೀನಿ, ಈ ಪ್ರಶ್ನೆ ತುಂಬಾ ಜನ ಕೇಳಿದಾರೆ.

(ಅಂದಹಾಗೆ ಜಿಎಂ ಅಂದ್ರೆ ಜನರಲ್ ಮೋಟರ್ಸ್ ಕಾರ್ ಕಂಪನಿ ತನ್ನ ಕೆಲಸಗಾರರಿಗೆ ಮಾಡಿಸಿದ್ದು ಅಂತ ಚಾರ್ಟ್ ಮೇಲೆ ಇರುತ್ತೆ, ಅದಕ್ಕೆ ಆಧಾರ ಯಾರೂ ತೋರಿಸಿಲ್ಲ. ತೋರಿಸಿದ್ರೂ ಕಾರ್ ಕಂಪನಿ ಹತ್ರ ಊಟದ ಸಲಹೆ ಯಾಕೆ ತಗೋಬೇಕು ಅನ್ನೋದು ನನ್ ಪ್ರಶ್ನೆ.)

ತುಮಕೂರು: ಥ್ಯಾಂಕ್ಸ್ ಮೇಡಂ 😟 ಆದ್ರೆ ನಮ್ ಕಸಿನ್ ಅಕ್ಕ ದಿನಕ್ಕೆ 800 ಕ್ಯಾಲೊರಿ ತಿಂದು ಮೂರು ತಿಂಗಳಲ್ಲಿ 12 ಕೆಜಿ ಇಳಿಸಿದ್ರು. ಈಗ ಅವ್ರು ಮುಂಚೆಗಿಂತ ದಪ್ಪ ಇದಾರೆ ಅದು ಬೇರೆ ವಿಷ್ಯ, ಬಾಯಿ ಕಟ್ಟಲಿಲ್ಲ ಅಂತ ಎಲ್ರೂ ಬೈತಾರೆ.

ಮೇಡಂ: ಬೈಯ್ಯೋರಿಗೆ ಇದನ್ನ ಓದಿಸಿ. ಎರಡನೇ ಮಹಾಯುದ್ಧದ ಕೊನೇಲಿ, 1944-45ರಲ್ಲಿ, ಅಮೆರಿಕಾದ ಮಿನೆಸೋಟ ಯೂನಿವರ್ಸಿಟೀಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಜನ ಆರೋಗ್ಯವಂತ ಗಂಡಸರನ್ನ, ಎಲ್ರೂ ಸ್ವಂತ ಇಷ್ಟದಿಂದ ಬಂದೋರು, ಆರು ತಿಂಗಳು ಅರೆಹೊಟ್ಟೆಲಿ ಇಟ್ಟಿದ್ರು. ಅವ್ರಿಗೆ ಕೊಡ್ತಿದ್ದಿದ್ದು ದಿನಕ್ಕೆ ಹತ್ತಿರ ಹತ್ತಿರ 1570 ಕ್ಯಾಲೊರಿ. ಗಮನಿಸಿ, ನಿಮ್ ಅಕ್ಕ ತಿಂದಿದ್ದರ ಎರಡರಷ್ಟು. ಅಷ್ಟಕ್ಕೇ ಆ ಗಂಡಸರಿಗೆ ಹಗಲು ರಾತ್ರಿ ಊಟದ್ದೇ ಧ್ಯಾನ ಆಗೋಯ್ತು, ಅಡುಗೆ ಪುಸ್ತಕ ತಂದು ಕಾದಂಬರಿ ಥರ ಓದ್ತಿದ್ರಂತೆ, ತಟ್ಟೆ ನೆಕ್ತಿದ್ರಂತೆ, ಚಳಿ, ಸಿಟ್ಟು, ಖಿನ್ನತೆ, ಯಾರ ಜೊತೇನೂ ಮಾತು ಬೇಡ. ಪ್ರಯೋಗ ಮುಗಿದ್ಮೇಲೆ ಎಷ್ಟು ತಿಂದ್ರೂ ಹಸಿವು ತೀರ್ತಿರಲಿಲ್ಲ ಎಷ್ಟೋ ಜನಕ್ಕೆ. ಅವ್ರೆಲ್ಲ ಬಾಯಿಚಪಲದವರಾ? ಅಲ್ಲ. ತೂಕ ಜೋರಾಗಿ ಇಳಿದ್ರೆ ಹೊಟ್ಟೆ ತುಂಬ್ತು ಅಂತ ಮೆದುಳಿಗೆ ಹೇಳೋ ಲೆಪ್ಟಿನ್ ಅನ್ನೋ ಹಾರ್ಮೋನ್ ಬಿದ್ದುಹೋಗುತ್ತೆ, ಹಸಿವು ಹುಟ್ಸೋ ಗ್ರೆಲಿನ್ ಏರುತ್ತೆ, ದೇಹ ಬರಗಾಲ ಬಂತು ಅಂದ್ಕೊಂಡು ಖರ್ಚು ಕಮ್ಮಿ ಮಾಡ್ಕೊಳ್ಳುತ್ತೆ. ಅಮೆರಿಕಾದ ಒಂದು ಟಿವಿ ತೂಕ ಇಳಿಸೋ ಸ್ಪರ್ಧೇಲಿ ಇದ್ದ 14 ಜನರನ್ನ ಆರು ವರ್ಷ ಆದ್ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ವರದಿ ಬಂತು, ಹೆಚ್ಚಿನವ್ರಿಗೆ ಇಳಿಸಿದ್ದ ತೂಕದಲ್ಲಿ ಬಹುಪಾಲು ವಾಪಸ್ ಬಂದಿತ್ತು, ಆದ್ರೂ ಅವ್ರ ದೇಹ ದಿನಕ್ಕೆ ಸರಾಸರಿ 500 ಕ್ಯಾಲೊರಿ ಕಮ್ಮಿನೇ ಉರೀತಿತ್ತು. ಹೋಗುವಾಗ ಖಂಡ ಕೊಬ್ಬು ಎರಡೂ ಹೋಗುತ್ತೆ, ವಾಪಸ್ ಬರುವಾಗ ಮುಂದೆ ನಿಂತು ಬರೋದು ಕೊಬ್ಬು. ಅಕ್ಕಂಗೆ ನನ್ ಕಡೆಯಿಂದ ಹೇಳಿ, ಅವ್ರ ತಪ್ಪಲ್ಲ, ಚಾರ್ಟ್ ಕೊಟ್ಟೋರ ತಪ್ಪು.

ಹಾಸನ: ಮೇಡಂ ಅರ್ಜೆಂಟು. ನಮ್ ತಂದೆಗೆ 58, ಶುಗರ್ ಇದೆ ಹತ್ತು ವರ್ಷದಿಂದ. ಬೆಳಿಗ್ಗೆ ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಇರೋ ಮಾತ್ರೆ, ಜೊತೆಗೆ ಡಾಪಾಗ್ಲಿಫ್ಲೋಜಿನ್. ಯೂಟ್ಯೂಬ್ ನೋಡಿ ನಾಲ್ಕು ದಿನದಿಂದ ಕೀಟೋ ಶುರು ಮಾಡಿದಾರೆ, ಅನ್ನ ಮುದ್ದೆ ಎಲ್ಲಾ ಬಂದ್, ಬರೀ ಮೊಟ್ಟೆ ಪನೀರು ಬೆಣ್ಣೆ, ರಾತ್ರಿ ಊಟಾನೂ ಬಿಟ್ಟಿದಾರೆ. ಶುಗರ್ 110 ಬರ್ತಿದೆ ಅಂತ ಮನೇಲಿ ಸ್ವೀಟ್ ಹಂಚೋದೊಂದು ಬಾಕಿ. ನಿನ್ನೆ ರಾತ್ರಿ ಬೆವರಿ ಕೈ ನಡುಗ್ತಿತ್ತು.

ಮೇಡಂ: ಇದನ್ನ ಓದಿದ ತಕ್ಷಣ ಅವ್ರ ಡಾಕ್ಟ್ರಿಗೆ ಫೋನ್ ಮಾಡಿ, ಉಳಿದಿದ್ದು ಆಮೇಲೆ ಓದಿ. ಮಾಡಿದ್ರಾ? ಸರಿ. ಗ್ಲಿಮೆಪಿರೈಡ್ ಮಾತ್ರೆ ನೀವು ಊಟ ಮಾಡಿದ್ರೂ ಮಾಡದಿದ್ರೂ ಇನ್ಸುಲಿನ್ ಬಿಡಿಸುತ್ತೆ, ಊಟ ಇಲ್ಲ ಅಂದ್ರೆ ಶುಗರ್ ಪಾತಾಳಕ್ಕೆ. ಬೆವರು ನಡುಕ ಅದೇ, ಆಗ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸ್ಬೇಕು, ಹದಿನೈದು ನಿಮಿಷಕ್ಕೆ ಮತ್ತೆ ಚೆಕ್ ಮಾಡ್ಬೇಕು, ಮೈಮೇಲೆ ಪ್ರಜ್ಞೆ ಇಲ್ಲ ಅಂದ್ರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಎತ್ಕೊಂಡು ಹೋಗ್ಬೇಕು.

ಎರಡನೇ ಮಾತ್ರೆ ಬಗ್ಗೆ ಇನ್ನೂ ಹುಷಾರಾಗಿರಬೇಕು. ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ಸಕ್ಕರೇನ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಅದರ ಜೊತೆ ಕೀಟೋ ಮಾಡಿದ್ರೆ ರಕ್ತದಲ್ಲಿ ಕೀಟೋನ್ ಆಮ್ಲ ತುಂಬ್ಕೊಂಡು ಕೀಟೋಆಸಿಡೋಸಿಸ್ ಆಗಬಹುದು, ಮತ್ತೆ ಇದ್ರಲ್ಲಿ ಮೋಸ ಏನಂದ್ರೆ ಗ್ಲೂಕೋಮೀಟರಲ್ಲಿ ಶುಗರ್ ನಾರ್ಮಲ್ ಅಥವಾ ಸ್ವಲ್ಪ ಜಾಸ್ತಿ ಅಷ್ಟೇ ತೋರಿಸುತ್ತೆ, ಮನೆಯವ್ರು ಶುಗರ್ ಚೆನ್ನಾಗಿದೆ ಅಂತ ಸುಮ್ನಿರ್ತಾರೆ, ಒಳಗೆ ಪೇಷಂಟ್ ಮುಳುಗ್ತಿರ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು, ಇದ್ರಲ್ಲಿ ಯಾವ್ದು ಕಂಡ್ರೂ ಎಮರ್ಜೆನ್ಸಿಗೆ ಹೋಗಿ ಮಾತ್ರೆ ಹೆಸರು ಹೇಳಿ.

ಹಾಸನ: ಫೋನ್ ಮಾಡಿದೆ ಮೇಡಂ, ಇವತ್ತಿಂದ ಮಾಮೂಲಿ ಊಟ ಮಾಡ್ಸಿ, ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ ಅಂದ್ರು. ಅಪ್ಪ ಮಾತ್ರ ಕೇಳ್ತಿಲ್ಲ, ಫಾರಿನ್ನಲ್ಲಿ 800 ಕ್ಯಾಲೊರಿ ಡಯಟಲ್ಲಿ ಶುಗರ್ ವಾಸಿ ಮಾಡಿದಾರೆ ಅಂತ ವಾದ.

ಮೇಡಂ: ಅಪ್ಪ ಹೇಳ್ತಿರೋದು ಪೂರ್ತಿ ಸುಳ್ಳಲ್ಲ, ಅರ್ಧ ಕಥೆ. ಬ್ರಿಟನ್ನಲ್ಲಿ ಡೈರೆಕ್ಟ್ ಅನ್ನೋ ಅಧ್ಯಯನ, 2017ರಲ್ಲಿ ಬಂತು, ದಿನಕ್ಕೆ 825ರಿಂದ 853 ಕ್ಯಾಲೊರಿ, ಮೂರರಿಂದ ಐದು ತಿಂಗಳು, ವರ್ಷ ಆದ್ಮೇಲೆ ನೋಡಿದ್ರೆ ನೂರಕ್ಕೆ 46 ಜನಕ್ಕೆ ಶುಗರ್ ಮಾತ್ರೆ ಇಲ್ದೆ ಹತೋಟಿಲಿ ಇತ್ತು. ಉಳಿದ ಅರ್ಧ ಕೇಳಿ. ಶುಗರ್ ಬಂದು ಆರು ವರ್ಷದೊಳಗಿನವರನ್ನ ಮಾತ್ರ ತಗೊಂಡಿದ್ರು, ಇನ್ಸುಲಿನ್ ತಗೊಳೋರನ್ನ ಸೇರಿಸಿರಲಿಲ್ಲ, ಶುಗರಿನ ಬಿಪಿಯ ಮಾತ್ರೆಗಳನ್ನ ಮೊದಲನೇ ದಿನವೇ ನಿಲ್ಲಿಸಿದ್ರು, ಎಲ್ಲಾ ವಿಟಮಿನ್ ಖನಿಜ ಸೇರ್ಸಿ ಲೆಕ್ಕ ಹಾಕಿ ಮಾಡಿದ ಆಹಾರ ಕೊಟ್ಟಿದ್ರು, ನರ್ಸ್ ಡಯಟೀಷಿಯನ್ ಬೆನ್ನಿಗಿದ್ರು. ಅಪ್ಪ ಮಾಡ್ತಿರೋದು ಮಾತ್ರೆನೂ ನುಂಗಿ ಊಟಾನೂ ಬಿಟ್ಟು, ನೋಡೋಕೆ ಯಾರೂ ಇಲ್ದೆ. ಎರಡೂ ಒಂದೇನಾ ಕೇಳಿ.

ಧಾರವಾಡ: ನಮಸ್ಕಾರ ಮೇಡಮ್ಮರ. ನಮ್ಮ ಮನ್ಯಾಗ ಜ್ವಾಳದ ರೊಟ್ಟಿ ಇಲ್ದ ಊಟ ಅಂದ್ರ ಊಟನ ಅಲ್ರಿ. ನಮ್ಮಾಕಿ ಈಗ ರೊಟ್ಟಿ ಬಿಡ್ರಿ, ಓಟ್ಸ್ ತಿನ್ರಿ ಅಂತ ಗಂಟು ಬಿದ್ದಾಳ. ಬೆಂಗಳೂರು ಕಡೆ ಮಂದಿ ಮುದ್ದಿ ತಿಂದ್ರ ತೂಕ ಇಳಿತೈತಿ ಅಂತಾರ. ಖರೇ ಯಾವುದ್ರಿ? ನಂದು 84 ಕೆಜಿ, ಬ್ಯಾಂಕಿನ್ಯಾಗ ಕುಂತ ಕೆಲಸ.

ಮೇಡಂ: ನಮಸ್ಕಾರ ಸರ್ 😄 ನಿಮ್ಮವ್ರಿಗೂ ಬೇಜಾರಾಗ್ಬಾರ್ದು, ನಿಮಗೂ ಆಗ್ಬಾರ್ದು. 100 ಗ್ರಾಂ ಲೆಕ್ಕದಲ್ಲಿ ಹೇಳ್ತೀನಿ: ರಾಗಿ ಹಿಟ್ಟು 320 ಕ್ಯಾಲೊರಿ ಹತ್ತಿರ, ಜೋಳ 335 ಹತ್ತಿರ, ಅಕ್ಕಿ 355 ಹತ್ತಿರ. ವ್ಯತ್ಯಾಸ ಅಷ್ಟೇ. ಮುದ್ದೆ ತಿಂದ್ರೆ ತೂಕ ಇಳಿಯಲ್ಲ, ಎರಡು ಮುದ್ದೆ ಬದ್ಲು ಒಂದು ತಿಂದ್ರೆ ಇಳಿಯುತ್ತೆ. ರಾಗಿ ಜೋಳದಲ್ಲಿ ನಾರು ಅಕ್ಕಿಗಿಂತ ಮೂರು ನಾಲ್ಕು ಪಟ್ಟು, ಅದಕ್ಕೆ ಬೇಗ ಹೊಟ್ಟೆ ತುಂಬುತ್ತೆ ಹೊತ್ತು ತಡೆಯುತ್ತೆ, ರಾಗೀಲಿ ಕ್ಯಾಲ್ಸಿಯಂ ಜಾಸ್ತಿ, ಅದು ಬೋನಸ್ಸು. ರೊಟ್ಟಿ ಬಿಡ್ಬೇಡಿ, ಓಟ್ಸ್ ನಿಮ್ಗೆ ರೊಟ್ಟಿಗಿಂತ ಹೆಚ್ಚೇನೂ ಕೊಡಲ್ಲ. ನಾನು ನೋಡೋದು ರೊಟ್ಟಿ ಪಕ್ಕದಲ್ಲಿ ಏನಿದೆ ಅಂತ. ಶೇಂಗಾ ಚಟ್ನಿ ಪುಡಿ ಮೇಲೆ ಎಣ್ಣೆ ಹಾಕ್ಕೊಳ್ತೀರಲ್ಲ, ಆ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ, ಪುಡೀಲಿರೋ ಒಂದು ಹಿಡಿ ಶೇಂಗಾ 170. ಎಣ್ಣೆಗಾಯಿ ಬದನೆಕಾಯಿ ಹೆಸರಲ್ಲೇ ಇದೆ. ಎರಡು ರೊಟ್ಟಿ, ಮಡಕಿ ಅಥವಾ ಹೆಸರುಕಾಳಿನ ಪಲ್ಯ ಒಂದು ಬಟ್ಟಲು, ಹಸಿ ಮೆಂತ್ಯ ಸವತೆಕಾಯಿ ಈರುಳ್ಳಿ ಬೇಕಾದಷ್ಟು, ಮೊಸರು ಒಂದು ಬಟ್ಟಲು, ಚಟ್ನಿ ಪುಡಿ ಒಂದು ಚಮಚ ಮೊಸರಲ್ಲಿ ಕಲಸ್ಕೊಂಡು. ನಿಮ್ ಕಡೆ ಊಟ ಮೊದಲಿಂದ್ಲೂ ಒಳ್ಳೇದೇ ಸರ್, ಬ್ಯಾಂಕ್ ಕುರ್ಚಿಗೆ ಹೊಲದ ಕೆಲಸದಷ್ಟು ರೊಟ್ಟಿ ಬೇಡ ಅಷ್ಟೇ.

ಧಾರವಾಡ: ಭಾಳ ಛಲೋ ಹೇಳಿದ್ರಿ, ಸ್ಕ್ರೀನ್‌ಶಾಟ್ ತೆಗದು ನಮ್ಮಾಕಿಗೆ ಕಳಿಸೇನಿ. ಎಣ್ಣಿ ವಿಷಯ ಕಟ್ ಮಾಡೇನ್ರಿ.

ಮೇಡಂ: ಅದನ್ನೂ ಸೇರ್ಸಿ ಕಳಿಸಿ ಸರ್!

ಮೈಸೂರು: ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಕುಡೀತೀನಿ, ವಾಕಿಂಗ್ ಗ್ರೂಪಲ್ಲಿ ಎಲ್ರೂ ಕುಡೀತಾರೆ. ಕೆಲವು ದಿನ ಕಹಿ ಇರುತ್ತೆ, ಕಹಿ ಇದ್ರೆ ಕೊಬ್ಬು ಚೆನ್ನಾಗಿ ಕರಗುತ್ತೆ ಅಂತಾರೆ, ಮೂಗು ಮುಚ್ಕೊಂಡು ಕುಡೀತೀನಿ.

ಮೇಡಂ: ಮೂಗು ಮುಚ್ಕೊಂಡು ಕುಡಿಯೋದನ್ನ ಇವತ್ತೇ ನಿಲ್ಸಿ. ಕಹಿ ಸೋರೆಕಾಯಿ ವಿಷ. ಕುಕುರ್ಬಿಟಾಸಿನ್ ಅನ್ನೋ ವಸ್ತು ಅದು, ಕುಡಿದ ಸ್ವಲ್ಪ ಹೊತ್ತಿಗೇ ವಾಂತಿ ಭೇದಿ, ಕೆಲವ್ರಿಗೆ ರಕ್ತ ವಾಂತಿ, ಬಿಪಿ ಬಿದ್ದುಹೋಗೋದು, ಅದಕ್ಕೆ ಪ್ರತಿಮದ್ದು ಅಂತ ಇಲ್ಲ. 2010ರಲ್ಲಿ ದೆಹಲೀಲಿ ಒಬ್ಬ ವಿಜ್ಞಾನಿ ಕಹಿ ಇದ್ದ ಜ್ಯೂಸ್ ಕುಡಿದು ತೀರ್ಕೊಂಡ್ರು, ಆಮೇಲೆ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿನೇ ಮಾಡಿ ಕಹಿ ಇದ್ರೆ ಕುಡೀಲೇಬೇಡಿ ಅಂತ ಹೇಳ್ತು. ಹೆಚ್ಚೋಕೆ ಮುಂಚೆ ಒಂದು ಚೂರು ನಾಲಗೆಗೆ ಇಟ್ಟು ನೋಡಿ, ಕಹಿ ಇದ್ರೆ ಉಗುಳಿ ಕಾಯಿ ಬಿಸಾಕಿ. ಕಹಿ ಇಲ್ದಿರೋ ಸೋರೆಕಾಯೀನ ಪಲ್ಯ ಮಾಡಿ, ಹುಳಿಗೆ ಹಾಕಿ, ನಾರು ಸಮೇತ ತಿನ್ನಿ. ಕೊಬ್ಬು ಕರಗ್ಸೋ ಜ್ಯೂಸ್ ಅಂತ ಯಾವ್ದೂ ಇಲ್ಲ, ಜೀರಿಗೆ ನೀರೂ ಅಲ್ಲ, ನಿಂಬೆ ಜೇನೂ ಅಲ್ಲ. ದಿನಾ ಲೋಟಗಟ್ಟಲೆ ಪಾಲಕ್ ಜ್ಯೂಸ್ ಕುಡಿಯೋರಿಗೂ ಒಂದು ಮಾತು, ಅದ್ರಲ್ಲಿರೋ ಆಕ್ಸಲೇಟ್ ಕಿಡ್ನಿಗೆ ಕೂತು ಕೆಟ್ಟಿರೋ ಕೇಸುಗಳಿವೆ, ಸಾರಲ್ಲಿ ತಿನ್ನಿ ಸಾಕು.

ಅಡ್ಮಿನ್: ಈ ಮಧ್ಯೆ "10 ದಿನದಲ್ಲಿ 8 ಕೆಜಿ, ಗ್ಯಾರಂಟಿ, ಡಿಎಂ ಮಾಡಿ" ಅಂತ ಬಂದ ಎರಡು ಕಾಮೆಂಟ್ ತೆಗೆದಿದೀನಿ. ಹೇಳಿದ್ರೂ ಕೇಳಲ್ಲ ನೀವು.

ದಾವಣಗೆರೆ: ಆ ಪೌಡರ್ ಬಗ್ಗೇನೇ ಕೇಳ್ಬೇಕಿತ್ತು, ಪೂರ್ತಿ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ? ಮತ್ತೆ ಈಗ ಇಂಜೆಕ್ಷನ್ ಬಂದಿದೆಯಂತೆ, ಅದು?

ಮೇಡಂ: ಗಿಡಮೂಲಿಕೆ ಅನ್ನೋ ಲೇಬಲ್ ಒಳಗೆ ಏನಿದೆ ಅಂತ ಹೇಳಲ್ಲ. ಸಿಬುಟ್ರಮಿನ್ ಅಂತ ಹಸಿವು ಕಮ್ಮಿ ಮಾಡೋ ಔಷಧಿ ಇತ್ತು, ಹಾರ್ಟ್ ಅಟ್ಯಾಕ್ ಸ್ಟ್ರೋಕ್ ಜಾಸ್ತಿ ಆಗುತ್ತೆ ಅಂತ 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧ ಮಾಡಿದ್ರು. ಆಮೇಲೂ ಬೇರೆ ಬೇರೆ ದೇಶಗಳಲ್ಲಿ ತೂಕ ಇಳಿಸೋ "ಹರ್ಬಲ್" ಮಾತ್ರೆ, ಕಾಫಿ, ಪುಡಿ ಟೆಸ್ಟ್ ಮಾಡಿದಾಗ ಒಳಗೆ ಅದೇ ಸಿಕ್ಕಿದೆ. ಎರಡೇ ದಿನಕ್ಕೆ ಹಸಿವೇ ಸತ್ತೋಯ್ತು, ನಿದ್ದೆ ಬರ್ತಿಲ್ಲ, ಎದೆ ಹೊಡ್ಕೊಳ್ತಿದೆ ಅಂದ್ರೆ ಅನುಮಾನ ಪಡಿ. ಡಬ್ಬೀನ ಬಿಸಾಕ್ಬೇಡಿ, ಡಾಕ್ಟ್ರಿಗೆ ತೋರಿಸೋಕೆ ಬೇಕು.

ಇಂಜೆಕ್ಷನ್ ಬೇರೆ ಮಾತು. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ನಿಜವಾದ ಔಷಧಿಗಳೇ, 2025ರಿಂದ ತೂಕಕ್ಕೆ ಅಂತಲೇ ನಮ್ಮಲ್ಲಿ ಸಿಗ್ತಿವೆ, ಬೇಕಾದವ್ರಿಗೆ ತುಂಬಾ ಸಹಾಯ ಆಗುತ್ತೆ, ನಾನು ಅದ್ರ ವಿರೋಧಿ ಅಲ್ಲ. ಆದ್ರೆ ಡಾಕ್ಟ್ರು ನೋಡಿ ಬರೆದ್ರೆ ಮಾತ್ರ. ಪಾರ್ಲರಲ್ಲಿ ಜಿಮ್ಮಲ್ಲಿ ಹಾಕಿಸ್ಕೊಳ್ಳೋ ವಸ್ತು ಅಲ್ಲ. ವಾಕರಿಕೆ ವಾಂತಿ ಸಾಮಾನ್ಯ, ನಿಲ್ಲಿಸಿದ್ರೆ ತೂಕ ವಾಪಸ್ ಬರೋದೂ ಸಾಮಾನ್ಯ, ಪ್ರೋಟೀನ್ ತಿನ್ನದಿದ್ರೆ ಇಲ್ಲೂ ಖಂಡ ಹೋಗುತ್ತೆ. ಮಗು ಪ್ಲಾನ್ ಮಾಡೋರು ತಿಂಗಳುಗಳ ಮುಂಚೇನೇ ನಿಲ್ಲಿಸ್ಬೇಕಾಗುತ್ತೆ, ಇದನ್ನ ಹೊಸದಾಗಿ ಮದುವೆ ಆದೋರಿಗೆ ಯಾರೂ ಹೇಳಲ್ಲ.

ಊರು ಬೇಡ ಅಂದವರು: ಮೇಡಂ, ಮಗಳಿಗೆ 17, ಸೆಕೆಂಡ್ ಪಿಯುಸಿ. ಕಾಲೇಜಲ್ಲಿ ಯಾರೋ ಗುಂಡಮ್ಮ ಅಂದ್ರಂತೆ, ಆವಾಗಿಂದ ಊಟ ಬಿಟ್ಲು. ಮೊದ್ಲು ಅನ್ನ ಬಿಟ್ಲು, ಆಮೇಲೆ ರಾತ್ರಿ ಊಟ, ಈಗ ದಿನಕ್ಕೆ ಒಂದು ಸೇಬು ಬ್ಲ್ಯಾಕ್ ಕಾಫಿ ಅಷ್ಟೇ. 54 ಇದ್ದೋಳು 39 ಆಗಿದಾಳೆ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಬಿಸಿಲಲ್ಲೂ ಸ್ವೆಟರ್ ಹಾಕ್ಕೊಳ್ತಾಳೆ. ಕನ್ನಡಿ ಮುಂದೆ ನಿಂತು ಇನ್ನೂ ದಪ್ಪ ಇದೀನಿ ಅಂತಾಳೆ. ಅವ್ರಪ್ಪ ಹಟ ಜಾಸ್ತಿ ಆಯ್ತು ಅಂತ ನಿನ್ನೆ ಹೊಡೆದ್ರು. ನಾನು ಇವತ್ತಿಂದ ತುಪ್ಪ ಅನ್ನ ಬಲವಂತವಾಗಿ ತಿನ್ಸೋಣ ಅಂತಿದೀನಿ.

ಮೇಡಂ: ಅಮ್ಮ, ಇದು ಹಟ ಅಲ್ಲ, ಕಾಯಿಲೆ ಇರ್ಬೇಕು, ಅನೊರೆಕ್ಸಿಯಾ ನರ್ವೋಸಾ ಅಂತಾರೆ. ಅವಳು ಕನ್ನಡೀಲಿ ಕಾಣ್ತಿದೆ ಅಂತಿರೋದು ಅವಳಿಗೆ ನಿಜವಾಗ್ಲೂ ಹಂಗೇ ಕಾಣುತ್ತೆ, ನಾಟಕ ಅಲ್ಲ. ಹೊಡೆಯೋದು, ಬೈಯ್ಯೋದು, ಅಕ್ಕಪಕ್ಕದವ್ರ ಮುಂದೆ ಮಾತಾಡೋದು ಪೂರ್ತಿ ನಿಲ್ಲಬೇಕು, ಅವ್ರಪ್ಪಂಗೆ ಈ ಮೆಸೇಜ್ ತೋರಿಸಿ.

ಬಲವಂತವಾಗಿ ತುಪ್ಪ ಅನ್ನ ತಿನ್ನಿಸ್ಬೇಡಿ. ಪ್ರೀತಿಗೇ ಹೇಳ್ತಿದೀರ ಗೊತ್ತು, ಆದ್ರೆ ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಒಂದೇ ಸಲ ಜಾಸ್ತಿ ಊಟ ಹಾಕಿದ್ರೆ ಇನ್ಸುಲಿನ್ ಏರಿ ರಕ್ತದಲ್ಲಿರೋ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲಾ ಜೀವಕೋಶದೊಳಗೆ ನುಗ್ಗುತ್ತೆ, ರಕ್ತದಲ್ಲಿ ಬಿದ್ದುಹೋಗುತ್ತೆ, ಹೃದಯದ ಬಡಿತಾನೇ ತಪ್ಪಬಹುದು. ಎರಡನೇ ಮಹಾಯುದ್ಧ ಮುಗಿದಾಗ ಉಪವಾಸದಿಂದ ಬಿಡುಗಡೆ ಆದ ಕೈದಿಗಳಲ್ಲಿ ಊಟ ಸಿಕ್ಕಿದ್ಮೇಲೆ ಸತ್ತವರಿದ್ರು, ಇದೇ ಕಾರಣಕ್ಕೆ. ಅದಕ್ಕೇ ರಕ್ತ ಪರೀಕ್ಷೆ, ಇಸಿಜಿ ಮಾಡ್ಕೊಂಡು ಸ್ವಲ್ಪ ಸ್ವಲ್ಪ ಊಟ ಏರಿಸ್ಬೇಕು, ಅದು ಆಸ್ಪತ್ರೇಲಿ ಆಗೋ ಕೆಲ್ಸ.

ನಾಳೆಗೆ ಅಂತ ಇಡ್ಬೇಡಿ. ಈಗ ಅವಳ ನಾಡಿ ಒಂದು ನಿಮಿಷ ಎಣಿಸಿ, 50ಕ್ಕಿಂತ ಕಮ್ಮಿ ಇದ್ರೆ, ಅಥವಾ ತಲೆ ಸುತ್ತಿ ಬಿದ್ದಿದ್ರೆ, ಎದೆ ನೋವು ಅಂದ್ರೆ, ಇವತ್ತೇ ರಾತ್ರಿ ಎಮರ್ಜೆನ್ಸಿಗೆ. ಇಲ್ಲ ಅಂದ್ರೂ ಬೆಳಿಗ್ಗೆ ಫಿಸಿಷಿಯನ್ ಮತ್ತೆ ಮನೋವೈದ್ಯರು ಇಬ್ರೂ ಇರೋ ಆಸ್ಪತ್ರೆಗೆ, ಬೆಂಗಳೂರು ಹತ್ರ ಆದ್ರೆ ನಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2025ರ ಮಾರ್ಚಲ್ಲಿ ಪಕ್ಕದ ಕೇರಳದ ಕಣ್ಣೂರು ಜಿಲ್ಲೇಲಿ 18 ವರ್ಷದ ಹುಡುಗಿ ಆನ್‌ಲೈನಲ್ಲಿ ನೋಡಿ ಊಟ ಬಿಟ್ಟು ತೀರ್ಕೊಂಡ ಸುದ್ದಿ ಪೇಪರಲ್ಲಿ ಬಂದಿತ್ತು, ಹೆದ್ರಿಸೋಕೆ ಹೇಳ್ತಿಲ್ಲ, ಇವಳಿಗೆ ಇನ್ನೂ ಟೈಮ್ ಇದೆ ಅಂತ ಹೇಳ್ತಿದೀನಿ. ಚಿಕಿತ್ಸೆ ಇದೆ, ವಾಸಿ ಆಗಿ ಕಾಲೇಜಿಗೆ ಹೋಗ್ತಿರೋ ಮಕ್ಕಳನ್ನ ನಾನು ನೋಡಿದೀನಿ. ನಂಗೆ ಪರ್ಸನಲ್ ಮೆಸೇಜ್ ಮಾಡಿ, ಕಾಯ್ತಿರ್ತೀನಿ.

ಅಡ್ಮಿನ್: ಈ ಪ್ರಶ್ನೆ ಕೆಳಗೆ ಯಾರೂ ಸಲಹೆ ಕೊಡೋದು ಬೇಡ, ರಿಪ್ಲೈ ಆಫ್ ಮಾಡಿದೀನಿ.

ಶಿವಮೊಗ್ಗ: ಸರಿ ಮೇಡಂ, ಎಲ್ಲಾ ಬೇಡ ಬೇಡ ಅಂದ್ರಿ. ಹಾಗಾದ್ರೆ ಮಾಡೋದು ಹೆಂಗೆ? ಮಾಮೂಲಿ ಮನೆ, ನಾಲ್ಕು ಜನ, ಇಡ್ಲಿ ದೋಸೆ ಚಿತ್ರಾನ್ನ ಸಾರು ಅನ್ನ. ಬೇರೆ ಅಡುಗೆ ಮಾಡ್ಕೊಳ್ಳೋಕೆ ಟೈಮ್ ಇಲ್ಲ.

ಮೇಡಂ: ಬೇರೆ ಅಡುಗೆ ಬೇಡವೇ ಬೇಡ, ಮನೆಯವ್ರೆಲ್ಲ ತಿನ್ನೋದನ್ನೇ ತಿನ್ನಿ. ಮೊದ್ಲು ನಿಮಗೆ ಇಳಿಸೋ ಅವಶ್ಯಕತೆ ಇದೆಯಾ ನೋಡಿ. ನಮ್ಮ ಭಾರತದವ್ರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದ್ರೆ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ಲೆಕ್ಕ, ಆದ್ರೆ ನಾನು ಜಾಸ್ತಿ ನಂಬೋದು ಟೇಪು: ಸೊಂಟ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ಅದ್ರೊಳಗಿದ್ರೆ ರೀಲ್ಸ್ ನೋಡಿ ಡಯಟ್ ಮಾಡ್ಬೇಡಿ.

ದಿನಕ್ಕೆ 400-500 ಕ್ಯಾಲೊರಿ ಕಮ್ಮಿ ಆದ್ರೆ ಶುರುವಲ್ಲಿ ವಾರಕ್ಕೆ ಅರ್ಧ ಕೆಜಿ ಹತ್ರ ಇಳಿಯುತ್ತೆ, ಆಮೇಲೆ ನಿಧಾನ ಆಗುತ್ತೆ, ಅದು ಸಹಜ. ಆ 400 ಎಲ್ಲಿದೆ? ಊಟದಲ್ಲಿ ಕಮ್ಮಿ, ಊಟದ ಆಚೆಯೇ ಜಾಸ್ತಿ. ದಿನಕ್ಕೆ ನಾಲ್ಕು ಕಾಫಿ ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಅಂದ್ರೆ ಬರೀ ಸಕ್ಕರೆನೇ 160. ಸಂಜೆ ಬೋಂಡನೋ ಖಾರನೋ ಒಂದು ತಟ್ಟೆ, ಅದೊಂದು 200 ದಾಟುತ್ತೆ. ಇನ್ನು ಎಣ್ಣೆ. ತಿಂಗಳ ಮೊದಲನೇ ತಾರೀಕು ಎಣ್ಣೆ ಪ್ಯಾಕೆಟ್ ಮೇಲೆ ಪೆನ್ನಲ್ಲಿ ದಿನಾಂಕ ಬರೀರಿ, ಎಷ್ಟು ದಿನಕ್ಕೆ ಖಾಲಿ ಆಯ್ತು ನೋಡಿ. 2024ರ ಐಸಿಎಂಆರ್ ಪೌಷ್ಟಿಕ ಸಂಸ್ಥೆಯ ಮಾರ್ಗಸೂಚಿ ಪ್ರಕಾರ 2000 ಕ್ಯಾಲೊರಿ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ, ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಆಯ್ತು, ತುಪ್ಪ ಸೇರ್ಸಿ. ನಮ್ ಎಷ್ಟೋ ಮನೆಗಳಲ್ಲಿ ಐದು ಲೀಟರ್ ಕ್ಯಾನ್ ತಿಂಗಳು ತಡೆಯಲ್ಲ. ಒಗ್ಗರಣೆಗೆ ಪ್ಯಾಕೆಟ್ಟಿಂದ ನೇರ ಸುರೀಬೇಡಿ, ಚಮಚದಲ್ಲಿ ಅಳೆದು ಹಾಕಿ, ಇದೊಂದು ಮಾಡಿದ್ರೇ ಮನೆಮಂದಿಗೆಲ್ಲ ಫರಕ್ ಕಾಣುತ್ತೆ.

ಪ್ರೋಟೀನ್ ನಮ್ ಊಟದಲ್ಲಿ ನಿಜವಾಗ್ಲೂ ಕಮ್ಮಿ. ತೂಕ ಇಳಿಸುವಾಗ ಕೆಜಿಗೆ ಒಂದು ಗ್ರಾಂ ಆದ್ರೂ ಬೇಕು, ಕಿಡ್ನಿ ತೊಂದ್ರೆ ಇರೋರು ಮಾತ್ರ ಡಾಕ್ಟ್ರನ್ನ ಕೇಳಿ. ತಿಳಿ ಸಾರಲ್ಲಿ ಬೇಳೆ ಹುಡುಕ್ಬೇಕು, ಅದನ್ನ ಪ್ರೋಟೀನ್ ಅಂತ ಎಣಿಸ್ಬೇಡಿ. ದೋಸೆ ಜೊತೆ ಒಂದು ಮೊಟ್ಟೆ, ಅದ್ರಲ್ಲಿ 6 ಗ್ರಾಂ. ಮೊಟ್ಟೆ ತಿನ್ನದವ್ರು ಹೆಸರುಬೇಳೆ ಕೋಸಂಬರಿ ಒಂದು ದೊಡ್ಡ ಬಟ್ಟಲು, ಹಬ್ಬದ ದಿನ ಎಲೆ ತುದೀಲಿ ಬಡಿಸೋ ಅಷ್ಟಲ್ಲ. ಮಧ್ಯಾಹ್ನ ಹುರುಳಿಕಾಳು ಬಸ್ಸಾರು ಮಾಡಿದ್ರೆ ಸಾರಿನ ಜೊತೆ ಕಾಳಿನ ಪಲ್ಯಾನೂ ತಟ್ಟೆಗೆ ಬರ್ಲಿ. ಸೋಯಾ ಚಂಕ್ಸ್ 25 ಗ್ರಾಂ ನೆನೆಸಿ ಪಲಾವಿಗೆ ಹಾಕಿದ್ರೆ 13 ಗ್ರಾಂ ಸಿಕ್ತು. ತಟ್ಟೆಗೆ ಮೊದ್ಲು ಪಲ್ಯ ಕಾಳು ಹಾಕ್ಕೊಂಡು ಉಳಿದ ಜಾಗದಲ್ಲಿ ಅನ್ನ ಹಾಕ್ಕೊಳ್ಳಿ, ಚಿತ್ರಾನ್ನ ಅಂತೂ ಒಂದು ಬಟ್ಟಲು ಕಮ್ಮಿ ಮಾಡಿ ಪಕ್ಕದಲ್ಲಿ ಮೊಸರು ಇಟ್ಕೊಳ್ಳಿ.

ವಾಕಿಂಗ್ ವಾರಕ್ಕೆ 150 ನಿಮಿಷ, ಉಸಿರು ಸ್ವಲ್ಪ ಏರೋ ಸ್ಪೀಡಲ್ಲಿ. ಖಂಡ ಉಳಿಸ್ಕೊಳ್ಳೋಕೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರೋದು, ಗೋಡೆಗೆ ಕೈಯೊತ್ತಿ ಪುಷಪ್, ನೀರಿನ ಬಾಟ್ಲಿ ಎತ್ತೋದು, ಮನೇಲೇ ಆಗುತ್ತೆ. ರಾತ್ರಿ ಏಳು ಗಂಟೆ ನಿದ್ದೆ. ತೂಕ ವಾರಕ್ಕೊಂದೇ ಸಲ ನೋಡಿ. ಆರು ತಿಂಗಳಲ್ಲಿ ಇರೋ ತೂಕದ ನೂರಕ್ಕೆ 5ರಿಂದ 10 ಇಳಿದ್ರೆ ಶುಗರ್, ಬಿಪಿ, ಫ್ಯಾಟಿ ಲಿವರ್, ಪಿಸಿಓಡಿ ಇರೋರ ಮುಟ್ಟು, ಎಲ್ಲಾ ಸುಧಾರಿಸುತ್ತೆ. ಮದುವೆ ಮನೆ ಊಟ ಬಂದ್ರೆ ಹೋಳಿಗೆ ತಿನ್ನಿ, ಒಂದು.

ಶಿವಮೊಗ್ಗ: ಹೋಳಿಗೆ ಮೇಲೆ ತುಪ್ಪ?

ಮೇಡಂ: ಒಂದು ಚಮಚ. ತುಪ್ಪ ಇಲ್ದೆ ಹೋಳಿಗೆ ತಿನ್ನಿ ಅಂದ್ರೆ ನನ್ನ ಗ್ರೂಪಿಂದ ತೆಗೆದುಹಾಕ್ತೀರ.

ಮಂಗಳೂರು: ಮೇಡಂ, ಥೈರಾಯ್ಡ್ ಉಂಟು, 50ರ ಮಾತ್ರೆ ತಗೊಳ್ತೇನೆ. ಎಂತ ಮಾಡಿದ್ರೂ ತೂಕ ಇಳಿಯುವುದಿಲ್ಲ ಮಾರ್ರೆ. ಫ್ರೆಂಡ್ ಒಬ್ಳು 100 ತಗೊ, ಸಪೂರ ಆಗ್ತಿ ಅಂತ ಹೇಳಿದ್ಳು, ಹತ್ತು ದಿನದಿಂದ ಎರಡು ಮಾತ್ರೆ ನುಂಗ್ತಾ ಇದ್ದೇನೆ. ರಿಪೋರ್ಟ್ ಹಾಕಿದ್ದೇನೆ ನೋಡಿ.

ಮೇಡಂ: ನೋಡಿದೆ. ನಿಮ್ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಲೆಕ್ಕ) 50ರ ಮಾತ್ರೇಲೇ ನಾರ್ಮಲ್ ಇದೆ, ಅಂದ್ರೆ ಈಗ ತೂಕಕ್ಕೆ ಥೈರಾಯ್ಡ್ ಕಾರಣ ಅಲ್ಲ. ಥೈರಾಯ್ಡ್ ಕಮ್ಮಿ ಇದ್ದಾಗ ಏರೋ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದ್ರಲ್ಲೂ ಬಹುಪಾಲು ನೀರು ಉಪ್ಪು. ಬೇಡದೆ ಜಾಸ್ತಿ ತಗೊಂಡ್ರೆ ಎದೆಬಡಿತ ಲಯ ತಪ್ಪುತ್ತೆ, ಮೂಳೆ ಸವೆಯುತ್ತೆ, ಖಂಡ ಕರಗುತ್ತೆ. ಬರೆದುಕೊಟ್ಟ ಡೋಸಿಗೇ ವಾಪಸ್ ಬನ್ನಿ, ಹತ್ತು ದಿನ ಎರಡೆರಡು ನುಂಗಿದ್ದನ್ನ ನಾಳೆ ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ. ಮಾತ್ರೆ ಖಾಲಿ ಹೊಟ್ಟೆಗೆ ಬರೀ ನೀರಲ್ಲಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಕಾಫಿ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದ್ರೆ ನಾಲ್ಕು ಗಂಟೆ ಅಂತರ. ಆಮೇಲೆ ಆ ರಿಪೋರ್ಟ್ ಫೋಟೋದಲ್ಲಿ ನಿಮ್ ಹೆಸರು ಮೊಬೈಲ್ ನಂಬರ್ ಎಲ್ಲಾ ಕಾಣ್ತಿದೆ, ಅಡ್ಮಿನ್ ಅವ್ರೇ ಅದನ್ನ ತೆಗೀರಿ, ಇಲ್ಲ ಅಂದ್ರೆ ನಾಳೆಯಿಂದ ಪೌಡರ್ ಮಾರೋರೆಲ್ಲ ಇವ್ರಿಗೇ ಫೋನ್ ಮಾಡ್ತಾರೆ.

ಅಡ್ಮಿನ್: ತೆಗೆದೆ ಮೇಡಂ.